ಅಂಬಮ್ಮ ರಟ್ಟು ಬಿಸಿಲಿಗೆ ಹಿಡಿದಳೆಂದರೆ

ಎಮ್ಮಿಗನೂರಿನ ಪಕೀರಪ್ಪನ ಮಗ್ಗದ ಶೆಡ್ಡಿನಲ್ಲಿ ಅಂಬಮ್ಮ ಹೂಂ ಅನ್ನದೆ ಒಂದು ಮೊಗ್ಗೂ ಸೀರೆಗೆ ಇಳಿಯುತ್ತಿರಲಿಲ್ಲ. ಮಾಲೀಕ ಪಕೀರಪ್ಪನೇ. ಆದರೆ ಅವನ ಮಾತು ನಡೆಯುತ್ತಿದ್ದದ್ದು ಆಕೆಯ ಹೂಂ ಬಿದ್ದ ಮೇಲೆ.

ಸೆರಗಿನ ಚಿತ್ರವೆಲ್ಲ ಅಡಗಿರುವುದು ಮಗ್ಗದ ಮೇಲೆ ತಿರುಗುವ ರಟ್ಟಿನ ತೂತುಗಳಲ್ಲಿ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಚಿತ್ರ ಬದಲಾದರೆ ಹೊಸ ರಟ್ಟಿಗೆ ತೂತು ಹೊಡೆದು, ಒಂದಕ್ಕೊಂದು ಹೊಲಿದು, ಮಗ್ಗಕ್ಕೆ ಏರಿಸಬೇಕು. ಏರಿಸಿದ ಮೇಲೆ ತಪ್ಪು ಕಂಡಿತೋ, ಮುಗೀತು ಕತೆ! ಅದಕ್ಕೇ ಅಂಬಮ್ಮ ಹೊಲಿಗೆಗೆ ಮುಂಚೆ ಹೊಸ್ತಿಲಲ್ಲಿ ಕೂತು, ಹಳೇ ರಟ್ಟಿನ ಮೇಲೆ ಹೊಸದನ್ನಿಟ್ಟು, ಬಿಸಿಲಿಗೆ ಹಿಡಿಯುತ್ತಿದ್ದಳು. ಒಂದರಲ್ಲಿದ್ದ ತೂತು ಇನ್ನೊಂದರಲ್ಲಿ ಇಲ್ಲವೆಂದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. “ಇದನ್ನ ಯಾಕ ಮುಟ್ಟೀಯಪ್ಪ?” ಎಂದು ಕೇಳಿದರೆ ರಟ್ಟು ಹೊಡೆಯುವ ಯರ್ರೆಪ್ಪನಿಗೆ ಮೈಯೆಲ್ಲ ಉರಿ.

ಎಪ್ಪತ್ತೊಂಬತ್ತರ ಮದುವೆ ಸುಗ್ಗಿ. ಆದೋನಿಯ ಅಂಗಡಿಯವರು ಸೆರಗಿನ ಗಿಣಿಗೆ ಬಾಲ ಉದ್ದ ಬೇಕೆಂದರು. ಯರ್ರೆಪ್ಪ ಮೂಲ ನಕ್ಷೆ ತೆಗೆದು, ಬಾಲ ಎಳೆದು, ಇಡೀ ಗಿಣಿಯ ರಟ್ಟುಗಳನ್ನು ಹೊಸದಾಗಿ ಹೊಡೆದ. ಪಕೀರಪ್ಪ ಗಡಿಯಾರ ನೋಡುತ್ತಾ ಬಂದ.

“ಅಂಬಮ್ಮಾ, ಮಧ್ಯಾನದೊಳಗ ಮಗ್ಗ ನಡೀಬೇಕು. ಇವತ್ತೂ ಸುಮ್‌ಸುಮ್ನ ಕೊಂಕು ತೆಗದೀ ಅಂದ್ರ ನಾಳಿಂದ ಈ ಕೆಲಸ ಬಿಡು. ಒಳಗ ಕುಂತು ನೂಲು ಸುತ್ತು.”

ಅಂಬಮ್ಮ ರಟ್ಟಿನ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ನೂಲು ಸುತ್ತಲು ಯಾರಾದರೇನು? ಈ ಹೊಸ್ತಿಲು, ಈ ಬಿಸಿಲು, ತನ್ನ ಹೂಂಗಾಗಿ ಕಾಯುವ ಗಂಡಸರು, ಇದನ್ನು ಬಿಟ್ಟು ಆಕೆಗೆ ಮೆರೆಯಲು ಬೇರೇನಿತ್ತು? ಹಳೇದರ ಮೇಲೆ ಹೊಸದನ್ನಿಟ್ಟು ಶುರು ಮಾಡಿದಳು. ಬಾಲದ ರಟ್ಟುಗಳು ಸರಿಯಾಗಿದ್ದವು, ರೆಕ್ಕೆಯವೂ ಸರಿ. ಕಾಲಿನ ಹತ್ತಿರ ಬೆರಳು ನಿಂತಿತು. ಮೂರು ರಟ್ಟುಗಳಲ್ಲಿ ಹೆಚ್ಚಿನ ತೂತು!

“ಯರ್ರೆಪ್ಪಾ, ಬಾಲ ಹೇಳಿದ್ರ ಕಾಲಿಗ್ಯಾಕ ಕೈ ಹಚ್ಚಿದಿ?”

“ಅಯ್ಯೋ ಅಕ್ಕಾ, ನಕ್ಷೆದಾಗ ಇದ್ದಂಗ ಹೊಡದೀನಿ!”

ಪಕೀರಪ್ಪ ಹಲ್ಲು ಕಡಿದ. ನಕ್ಷೆ ಬಂತು. ನೋಡಿದರೆ ಗಿಣಿಗೆ ಚೊಕ್ಕಟವಾಗಿ ಎರಡು ಕಾಲು. ಹಾಗಾದರೆ ಹಳೇ ರಟ್ಟಿಗೆ ಏನಾಗಿದೆ? ಅಂಬಮ್ಮ ತಿರುವಿ ನೋಡಿದಳು. ಮೂರರ ಹಿಂದೆಯೂ ಗಂಜಿ ಹಚ್ಚಿ ಅಂಟಿಸಿದ ಕಾಗದದ ತೇಪೆ. ಐದು ವರ್ಷದ ಹಿಂದೆ ಇಲಿ ಕಡಿದಾಗ ತಾನೇ ಹಾಕಿದ್ದು. ತೇಪೆ ಹಾಕಿದ್ದೇನೋ ಸರಿ, ಅದರ ಮೇಲೆ ತೂತು ಹೊಡೆಸುವುದನ್ನೇ ಮರೆತಿದ್ದಳು!

ಯಾರಿಗೂ ಗೊತ್ತಿರಲಿಲ್ಲ. ಮೊದಲು ರಟ್ಟು ಹೊಡೆಯುತ್ತಿದ್ದ ದಸ್ತಗಿರಿ ತೀರಿಕೊಂಡು ಎರಡು ವರ್ಷ. ಅವನ ಹೆಸರು ಹೇಳಿದ್ದರೆ ಸಾಕಿತ್ತು. ಹೆಸರು ನಾಲಿಗೆ ತುದಿಗೂ ಬಂತು. ಥೂ, ಸತ್ತವನ ತಲೆಗೆ ಕಟ್ಟುವುದೇ ಎಂದು ನಾಚಿಕೆಯಾಗಿ ನುಂಗಿಕೊಂಡಳು.

“ಯರ್ರೆಪ್ಪಂದು ತಪ್ಪಿಲ್ರೀ ಸಾವಕಾರ್ರೆ. ನನ್ನ ತೇಪಿ ಇದು. ಐದು ವರ್ಷ ನಮ್ಮ ಗಿಣಿ ಒಂಟಿಕಾಲ ಮ್ಯಾಲೆ ನಿಂತೈತಿ.”

ಪಕೀರಪ್ಪ ರಟ್ಟು ಕಿತ್ತುಕೊಂಡು ಬಿಸಿಲಿಗೆ ಹಿಡಿದ. “ನನ್ನ ಮಗಳ ಧಾರಿ ಸೀರಿಯಾಗೂ?”

“ಹೂಂ ರೀ. ನನ್ನ ಮಗಳ ಸೀರಿಯಾಗೂ ಅಷ್ಟ. ಎಷ್ಟು ಸಲ ಒಗದು ಮಡಚೀನಿ! ಹಳೇದು ಹೊಸದು ಕೂಡ್ತೈತೇನು ಅಂತ ನೋಡಿದ್ದ ನೋಡಿದ್ದು, ಗಿಣಿ ಮಾರಿ ಒಂದ್ಸಲ ನೋಡಲಿಲ್ಲ.” ಆಕೆಯ ಕಣ್ಣು ತುಂಬಿದ್ದವು.

ಯರ್ರೆಪ್ಪ ಮೊದಲು ಕಿಸಕ್ಕೆಂದ. ಆಮೇಲೆ ಪಕೀರಪ್ಪನಿಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದು ನಕ್ಕ. “ಪೋನೀಲೇವಮ್ಮಾ, ಹೋಗ್ಲಿ ಬಿಡು! ತನ್ನ ತಪ್ಪು ತಾನ ಹಿಡಿಯೋಳನ್ನ ನೂಲಿಗೆ ಕುಂದರಿಸಿದ್ರ ನಾ ಹುಚ್ಚ. ಕೆಲಸ ನಿಂದ. ಈಗ ಹೂಂ ಅನ್ನು, ಹೊಲಿಗೆ ನಡೀಲಿ.”

ಅಂಬಮ್ಮ ಕಣ್ಣೊರೆಸಿಕೊಂಡು, ಒಳಗಿದ್ದ ಎಲ್ಲ ಚಿತ್ರಗಳ ಹಳೇ ರಟ್ಟಿನ ಕಟ್ಟುಗಳನ್ನೂ ನಕ್ಷೆಗಳನ್ನೂ ಹೊಸ್ತಿಲಿಗೆ ತರಿಸಿದಳು.

“ಇವತ್ತು ಯಾವ ಮಗ್ಗನೂ ನಡಿಯಂಗಿಲ್ರೀ. ನಾ ಇನ್ನೂ ಎಲ್ಲೆಲ್ಲಿ ತೇಪಿ ಹಚ್ಚೀನೋ, ನೋಡಬೇಕು.”