ಉಗುರಿನ ಹೊಳಪು

ನಮ್ಮದು ಸಾಂಗಲಿಯಲ್ಲಿ ಅರಿಸಿನ ವ್ಯಾಪಾರದ ಮನೆ. ನಾನೊಬ್ಬಳು ಮಾತ್ರ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಮಿರಜಿನ ಒಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೆ. ಊಟಕ್ಕೆ ಕೂತಾಗ ಕಾಕಾ ವಿಚಾರಿಸುತ್ತಿದ್ದರು.

“ಅಲ್ಲಿ ದಿನಾ ಏನ್ ಮಾಡ್ತೀಯವ್ವಾ?”

“ಬ್ಯಾಕ್ಟೀರಿಯಾದ ಮೈಮ್ಯಾಲೆ ಕೈ ಹಚ್ಚಾಕತ್ತೇನ್ರಿ ಕಾಕಾ.”

“ಇಷ್ಟ ದಿನ ಕೈ ಇಲ್ದನ ಬದುಕಿತ್ತಲ್ಲ. ಈಗ್ಯಾಕ ಬೇಕಾತು?”

ನೀರಿನೊಳಗಿನ ಬೇಡದ್ದನ್ನು ಹಿಡಿಯಲು ಮುಂದೆ ಉಪಯೋಗಕ್ಕೆ ಬರಬಹುದು ಎಂದೆ. ನಿಜವಾಗಿ ನನ್ನನ್ನು ಕಾಡುತ್ತಿದ್ದುದು ಬೇರೆ: ಆ ಕೈ ಹೊರಗೆ ಬರುತ್ತದೋ ಇಲ್ಲವೋ?

ಜೋಡಿಸಬೇಕಾದ ಜೀನಿನ ತುಂಡುಗಳು ನಾಲ್ಕು. ಕೆಲಸ ಶುರು ಮಾಡಿಸುವ ಸ್ವಿಚ್ಚು, ಹೊರಪೊರೆಯಲ್ಲಿ ನೆಲೆ ಊರುವ ಪ್ರೋಟೀನಿನ ತುಂಡು, ಕೊನೆಗೆ ಹಿಡಿಯುವ ಪ್ರೋಟೀನಿನದು, ಅಂದರೆ ನಾನು ಹೇಳಿದ ಕೈ. ಈ ಕೊನೆಯ ಎರಡರ ನಡುವೆ ಒಂದು ಸಡಿಲ ಕೊಂಡಿ. ನಮ್ಮ ಕೈ ಹಿಡಿಯಬೇಕಾದದ್ದು ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು. ಅದನ್ನು ಹೊರಗಿನಿಂದ ಸುರಿದು, ಚೆನ್ನಾಗಿ ತೊಳೆದ ಮೇಲೂ ನೀಲಿ ದೀಪದಡಿ ಬ್ಯಾಕ್ಟೀರಿಯಾ ಹೊಳೆದರೆ ಕೈ ಹೊರಗಿದೆ ಎಂದರ್ಥ.

ಎರಡು ಸಲ ಹೊಳೆಯಲಿಲ್ಲ. ಮೂರನೆಯದೂ ಕೆಟ್ಟರೆ ಈ ವಿಷಯ ಬಿಟ್ಟು ಬೇರೆ ಏನಾದರೂ ಸಣ್ಣದು ಮಾಡು ಎಂದಿದ್ದರು ನನ್ನ ಗೈಡ್ ಮೇಡಂ. ಅವರದೂ ಕನ್ನಡದ ಮನೆಯೇ. ಆದರೆ ಲ್ಯಾಬಿನಲ್ಲಿ ಮರಾಠಿ. ನನ್ನೊಡನೆ ಕನ್ನಡ ಬರುವುದು ಸಿಟ್ಟು ಬಂದಾಗ ಮಾತ್ರ.

ಮೂರನೆಯ ಸಲ ಹೊಳೆಯಿತು. ಅವತ್ತು ಬೆಳಿಗ್ಗೆ ಮನೆಯಲ್ಲಿ ಕಾಕಾರ ಮಗಳ ಮದುವೆಯ ಅರಿಸಿನ ಹಚ್ಚುವ ಕಾರ್ಯ ಮುಗಿಸಿ, ಕೈ ತೊಳೆದು ಬಸ್ಸು ಹತ್ತಿದ್ದೆ. ಮೇಡಂ ಫೋಟೋ ತೆಗೆದುಕೊಂಡು ವಿಭಾಗದ ಮುಖ್ಯಸ್ಥರಿಗೆ ತೋರಿಸಲು ಹೋದರು. ಹೋಲಿಸಿ ನೋಡಲೆಂದು ಇಟ್ಟಿದ್ದ ಸಾದಾ ಬ್ಯಾಕ್ಟೀರಿಯಾದ ಟ್ಯೂಬು ಹಾಗೇ ಉಳಿದಿತ್ತು. ಅದಕ್ಕೆ ಯಾವ ತುಂಡನ್ನೂ ಸೇರಿಸಿರಲಿಲ್ಲ, ಅದು ಹೊಳೆಯಬಾರದು. ಖುಷಿಯಲ್ಲೇ ಅದನ್ನೂ ದೀಪಕ್ಕೆ ಹಿಡಿದೆ. ಅದೂ ಹೊಳೆಯಿತು. ಹಿಡಿದ ಹೆಬ್ಬೆರಳಿನ ಉಗುರೂ ಹೊಳೆಯಿತು.

ಅವತ್ತು ಗ್ಲೋವ್ಸ್ ಮುಗಿದಿದ್ದವು. ಟ್ಯೂಬುಗಳ ಪುಟ್ಟ ಮುಚ್ಚಳಗಳನ್ನೆಲ್ಲ ನಾನು ಎಬ್ಬಿಸಿದ್ದು ಆ ಉಗುರಿನಿಂದಲೇ. ಅನುಮಾನ ಪರಿಹಾರಕ್ಕೆ ಹೊರಗಿದ್ದ ಊಟದ ಡಬ್ಬಿಯ ಬಟಾಟೆ ಪಲ್ಯವನ್ನೂ ದೀಪದಡಿ ಇಟ್ಟೆ. ಪಲ್ಯ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯಿತು. ಅರಿಸಿನದ ಮನೆಯಲ್ಲಿ ಹುಟ್ಟಿಯೂ, ಅರಿಸಿನ ಹೀಗೆ ಹೊಳೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಪ್ರಾಜೆಕ್ಟು ಹೋಗುತ್ತಿತ್ತು. ನನಗೆ ಹೆದರಿಕೆಯಾಯಿತು. ಆದರೆ ಸುಮ್ಮನಿದ್ದರೆ, ಕೈ ನಿಜಕ್ಕೂ ಹೊರಗೆ ಬಂದಿತ್ತೇ ಎಂಬುದು ನನಗೂ ಎಂದೂ ತಿಳಿಯುತ್ತಿರಲಿಲ್ಲ. ಅದನ್ನು ಮಾತ್ರ ತಾಳಲಾರೆ ಅನ್ನಿಸಿತು.

“ಮೇಡಂ, ಅದು ಅರಿಷಿಣರಿ.”

ಅವರು ಉಗುರು ನೋಡಿದರು, ಪಲ್ಯ ನೋಡಿದರು. “ಈಗಷ್ಟ ಸರ್‌ಗೆ ಫೋಟೋ ತೋರ್ಸಿ ಬಂದೇನಿ,” ಎಂದರು, ಕನ್ನಡದಲ್ಲಿ. ಡಬ್ಬಿ ಮುಚ್ಚಿ ನನ್ನ ಕೈಗಿಟ್ಟರು. “ಉಗುರಿನ ಬಣ್ಣ ಹೋಗೂತನಕ ಲ್ಯಾಬಿಗೆ ಬರಬ್ಯಾಡ. ಆಮ್ಯಾಲೆ ಕೊಂಡಿ ಉದ್ದ ಮಾಡಿ ನೋಡು. ಇನ್ನ ಒಂದ ಸಲ.”

ಕೈ ಇನ್ನಷ್ಟು ಹೊರಚಾಚಲೆಂದು ಕೊಂಡಿ ಉದ್ದ ಮಾಡಿದೆ. ನಾಲ್ಕನೆಯ ಸಲ ದೀಪ ಹಚ್ಚಿದಾಗ ಮೇಡಂ ಮೊದಲು ನನ್ನ ಎರಡೂ ಕೈಗಳನ್ನು ಅದರಡಿ ಹಿಡಿದರು. ಹೊಳೆಯಲಿಲ್ಲ. ಆಮೇಲೆ ಸಾದಾ ಟ್ಯೂಬು. ಅದೂ ಹೊಳೆಯಲಿಲ್ಲ. ಕೊನೆಗೆ ನನ್ನದು. ಪಲ್ಯದಷ್ಟೇನೂ ಇರಲಿಲ್ಲ, ಆದರೆ ಹಸಿರಿತ್ತು.

ಫೋಟೋ ತೆಗೆ ಎಂದರು ಮೇಡಂ, ಮರಾಠಿಯಲ್ಲಿ.