ಶೀರ್ಷಿಕೆಯಿಲ್ಲದ ಸೀರೆ ಅಂಗಡಿ

ಹುನಗುಂದದಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ದಿನಗಳಲ್ಲಿ, ನನಗೆ ವೆಬ್‌ಸೈಟು ಮಾಡಲು ಬರುತ್ತದೆ ಎಂದು ನಂಬಿದವರು ಇಬ್ಬರೇ. ಒಬ್ಬರು ಇಳಕಲ್ಲಿನ ಸೀರೆ ಅಂಗಡಿಯ ಸಾಹುಕಾರರು, ಇನ್ನೊಬ್ಬಳು ನಾನು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ದಪ್ಪನೆಯ ಒಂದು ಪುಸ್ತಕವನ್ನು ಅರ್ಧ ಓದಿ, ಉಳಿದರ್ಧವನ್ನು ದೇವರ ಮೇಲೆ ಹಾಕಿ ಸಾಹುಕಾರರ ಕೆಲಸ ಒಪ್ಪಿಕೊಂಡೆ.

ನಾಲ್ಕು ಪುಟ ಮಾಡಿದೆ. ಮೊದಲ ಪುಟದಲ್ಲಿ ಗಿರಗಿರ ತಿರುಗುವ ಕಮಲ, ಅದರ ಕೆಳಗೆ ಬಲದಿಂದ ಎಡಕ್ಕೆ ಓಡುವ ಅಕ್ಷರ. ಸಾಹುಕಾರರು ಆ ಕಮಲವನ್ನು ನೋಡಿ ಖುಷಿಯಾಗಿ ನನಗೂ ನನ್ನ ಕ್ಲಾಸಿನ ಹುಡುಗಿಯರಿಗೂ ಗಿರ್ಮಿಟ್ ತರಿಸಿ ತಿನ್ನಿಸಿದರು. ನಾನು ನೋಡದೇ ಬಿಟ್ಟದ್ದು ಒಂದೇ ಜಾಗ: ಕಂಪ್ಯೂಟರ್ ಪರದೆಯಲ್ಲಿ ಪುಟ ತೆರೆಯುವ ಕಿಟಕಿಯ ನೆತ್ತಿಯ ಮೇಲಿನ ನೀಲಿ ಪಟ್ಟಿ. ಪುಟ ಮಾಡುವ ಸಾಫ್ಟ್‌ವೇರು ಪ್ರತಿ ಹೊಸ ಪುಟಕ್ಕೂ ತಾನೇ ಅಲ್ಲೊಂದು ಹೆಸರು ಬರೆದಿರುತ್ತಿತ್ತು. ಅದನ್ನು ಅಳಿಸಿ ನಮ್ಮ ಹೆಸರು ಬರೆಯಬೇಕಿತ್ತಂತೆ. ಪುಸ್ತಕದ ಉಳಿದರ್ಧದಲ್ಲಿ ಇತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಾಹುಕಾರರು ಕಬ್ಬಿಣದ ಟ್ರಂಕು ಹೊತ್ತುಕೊಂಡು ಬಸ್ಸಿನಲ್ಲಿ ಬಂದಿಳಿದರು. ಜೊತೆಗೆ ಬಾಗಲಕೋಟೆಯ ಬಾಂಡ್ ರೈಟರ್ ಒಬ್ಬರಿದ್ದರು. ಆಸ್ತಿಯ ಖರೀದಿ ಪತ್ರ, ಪಾಲಾದಾಗಿನ ವಾಟ್ನಿ ಪತ್ರ ಬರೆದುಕೊಡುವವರು, ಸಾಹುಕಾರರ ಹಳೆಯ ಗೆಳೆಯರು.

"ಅಕ್ಕೋರ, ನನ್ನ ಅಂಗಡಿ ಮ್ಯಾಲೆ ಏನ್ ಬರದೀರಿ?" ಸಾಹುಕಾರರು ಟ್ರಂಕು ಇಳಿಸುವ ಮೊದಲೇ ಕೇಳಿದರು.

"ಇಳಕಲ್ ಸೀರಿ ಅಂತ ಬರದೇನ್ರಿ."

"ಅದಲ್ರಿ, ಅದರ ಮ್ಯಾಲೆ! ನನ್ನ ಕಾಗದಪತ್ರ ಸರಿ ಇಲ್ಲ ಅಂತ ಬರದೀರಂತ!"

ಬಾಂಡ್ ರೈಟರು ಕನ್ನಡಕ ಒರೆಸಿಕೊಂಡು ವಿವರಿಸಿದರು. ಅವರು ನವನಗರದ ನೆಟ್ ಸೆಂಟರಿನಲ್ಲಿ ಗೆಳೆಯನ ಅಂಗಡಿಯನ್ನು ಹುಡುಕಿಸಿ ನೋಡಿದ್ದರು. "ಸಿಕ್ತು. ಆದ್ರ ಹೆಸರಿನ ಜಾಗಾದಾಗ 'ಅನ್‌ಟೈಟಲ್ಡ್ ಡಾಕ್ಯುಮೆಂಟ್' ಅಂತ ಇತ್ತು. ಟೈಟಲ್ ಅಂದ್ರ ಹಕ್ಕು. ಅನ್‌ಟೈಟಲ್ಡ್ ಅಂದ್ರ ಹಕ್ಕಿಲ್ಲದ್ದು. ನನ್ನ ಜನ್ಮಾನೇ ಈ ಕೆಲಸದಾಗ ಹೋಗೇತ್ರಿ ಅಕ್ಕೋರ, ನನಗ ಹೇಳಬ್ಯಾಡ್ರಿ."

ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ಹಳೆ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಜನ ಪರಿಹಾರಕ್ಕೆಂದು ಹಕ್ಕುಪತ್ರ ಹಿಡಿದು ಅಲೆದು, ನವನಗರಕ್ಕೆ ಸಾಮಾನು ಸಾಗಿಸಿದ ಕಾಲವದು. ಟೈಟಲ್ ಎಂಬ ಶಬ್ದ ಕೇಳಿದರೆ ಸಾಲಿ ಮಕ್ಕಳೂ ಎದ್ದು ಕೂರುತ್ತಿದ್ದರು. ಸಾಹುಕಾರರು ನನ್ನ ಮೇಜಿನ ಮೇಲೆ ಟ್ರಂಕು ತೆರೆದರು. ಅಜ್ಜನ ಕಾಲದ ಖರೀದಿ ಪತ್ರ, ಜಾಗದ ಉತಾರ, ಕರ ಕಟ್ಟಿದ ಪಾವತಿಗಳ ಕಟ್ಟು.

"ಇದನ್ನೆಲ್ಲಾ ಒಳಗ ಹಾಕ್ರಿ. ಜಗತ್ತಿಗೇ ಕಾಣ್ಲಿ."

ತಪ್ಪು ನನ್ನದು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. "ಅದು ಕಂಪ್ಯೂಟರ್ ಹಾಕಿದ್ದ್ರಿ" ಎಂದುಬಿಟ್ಟೆ. ಸಾಹುಕಾರರು ಕಂಪ್ಯೂಟರನ್ನು ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ. ಉಂಡ ಮನೆಗೆ ದ್ರೋಹ ಬಗೆದವರನ್ನು ನೋಡುವ ಹಾಗೆ.

ಫೋನಿನ ತಂತಿ ಸಿಕ್ಕಿಸಿ ಇಂಟರ್ನೆಟ್ಟಿಗೆ ಹಚ್ಚಿದೆ. ಹುಡುಕಿದಾಗ ಬೇರೆಯವರ ಅಂಗಡಿಗಳೆಲ್ಲ ನೀಲಿ ಅಕ್ಷರದಲ್ಲಿ ತಮ್ಮ ತಮ್ಮ ಹೆಸರು ಹೇಳಿಕೊಂಡು ನಿಂತಿದ್ದವು. ನಮ್ಮದು ಕೊನೆಗೆಲ್ಲೋ ಸಿಕ್ಕಿತು: ಅನ್‌ಟೈಟಲ್ಡ್ ಡಾಕ್ಯುಮೆಂಟ್. ನನ್ನ ಕಮಲ ಅಲ್ಲಿ ಕಾಣಲಿಲ್ಲ, ಓಡುವ ಅಕ್ಷರವೂ ಇಲ್ಲ. ಹುಡುಕುವವರ ಕಣ್ಣಿಗೆ ಬೀಳುವುದು ಆ ಒಂದು ಸಾಲು ಮಾತ್ರ ಎಂದು ನನಗೆ ಅವತ್ತು ತಿಳಿಯಿತು.

ಅವರ ಸಮಾಧಾನಕ್ಕೆಂದು ಆ ಎರಡು ಶಬ್ದಗಳನ್ನೇ ಹುಡುಕಿ ತೋರಿಸಿದೆ. ಲಕ್ಷಗಟ್ಟಲೆ ಪುಟ ಬಂದವು. ಅಮೆರಿಕದ ಕಾಲೇಜು, ಜಪಾನಿನ ಚಹಾ ಅಂಗಡಿ, ಯಾವುದೋ ಹಿಮದೂರಿನ ಹೋಟೆಲು. ಎಲ್ಲರೂ ನನ್ನಂತೆಯೇ ಪುಸ್ತಕ ಅರ್ಧ ಓದಿದವರು.

ಬಾಂಡ್ ರೈಟರು ಕುರ್ಚಿಯಿಂದ ಎದ್ದರು. "ಇಷ್ಟೂ ಮಂದೀದು ಟೈಟಲ್ ಕ್ಲಿಯರ್ ಇಲ್ಲೇನ್ರಿ?"

"ಹಂಗಲ್ರಿ, ಅದರ ಅರ್ಥ ಪುಟಕ್ಕ ಶೀರ್ಷಿಕಿ ಇಟ್ಟಿಲ್ಲ ಅಂತ..."

ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಜೇಬಿನಿಂದ ಡೈರಿ ತೆಗೆದು ವಿಳಾಸ ಬರೆದುಕೊಳ್ಳಲು ಶುರು ಮಾಡಿದ್ದರು. ಆಮೇಲೆ ಟೈಟಲ್ ಸರಿಮಾಡಿಕೊಡುತ್ತೇನೆಂದು ಎಷ್ಟೋ ದೇಶಗಳಿಗೆ ಪತ್ರ ಹಾಕಿದರಂತೆ. ಉತ್ತರ ಬಂದದ್ದು ಹಿಮದೂರಿನ ಹೋಟೆಲಿನಿಂದ ಒಂದೇ. ಬಣ್ಣದ ಕಾರ್ಡು, ಅದರಲ್ಲಿ ಕೋಣೆಗಳ ಚಿತ್ರ. "ಅವರದು ಒಳಗಿಂದೊಳಗ ರಾಜಿ ಆಗೇತಿ ಕಾಣ್ತೈತಿ" ಎಂದು ನನಗೆ ತೋರಿಸಿದ್ದರು.

ಅವತ್ತು ಮಾತ್ರ ಅವರು ಡೈರಿ ಮುಚ್ಚಿ, ಹೊಸ ಟೈಟಲನ್ನು ತಾವೇ ಬರೆಯುವುದಾಗಿ ಹೇಳಿದರು. ಸಾಹುಕಾರರಿಗೂ ಅದೇ ಸರಿ ಅನ್ನಿಸಿತು. ಬಾಂಡ್ ರೈಟರು ಹಾಳೆ ತುಂಬ ಬರೆದರು: "ಬಾಗಲಕೋಟೆ ಜಿಲ್ಲಾ, ಹುನಗುಂದ ತಾಲೂಕು, ಇಳಕಲ್ ಪಟ್ಟಣ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗಟಾರ, ಉತ್ತರಕ್ಕೆ ದವಾಖಾನೆ, ದಕ್ಷಿಣಕ್ಕೆ ಹಿಟ್ಟಿನ ಗಿರಣಿ, ಇವುಗಳ ನಡುವಿನ ಪಿತ್ರಾರ್ಜಿತ, ಯಾವುದೇ ತಂಟೆ ತಕರಾರಿಲ್ಲದ ಸೀರೆ ಅಂಗಡಿ." ನಾನು ಇಂಗ್ಲಿಷಿಗೆ ತಿರುಗಿಸಿ ನಾಲ್ಕೂ ಪುಟಕ್ಕೆ ಅದನ್ನೇ ಹಾಕಿದೆ. ವಿರೋಧಿಸುವ ಮುಖ ನನಗಿರಲಿಲ್ಲ.

ಹುಡುಕುವ ಯಂತ್ರ ನಮ್ಮ ಪುಟವನ್ನು ಮತ್ತೆ ಬಂದು ನೋಡಲು ಕೆಲವು ವಾರ ಹಿಡಿಯಿತು. ಆಮೇಲೆ ತೆರೆದರೆ ಅದು ಸಾಲನ್ನು ನಡುವೆಯೇ ಕತ್ತರಿಸಿತ್ತು: ಬಾಗಲಕೋಟೆ ಜಿಲ್ಲಾ, ಹುನಗುಂದ ತಾಲೂಕು, ಇಳಕಲ್ ಪಟ್ಟಣ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗಟಾರ... ಅಷ್ಟೇ. ಮುಂದೆ ಮೂರು ಚುಕ್ಕಿ. ಸೀರೆ ಎಂಬ ಶಬ್ದ ಆ ಚುಕ್ಕಿಗಳ ಆಚೆ ಎಲ್ಲೋ ಉಳಿದುಹೋಗಿತ್ತು.

ಅಂಗಡಿಗೆ ಫೋನು ಬರತೊಡಗಿದವು. ಪುಣೆಯವರೊಬ್ಬರು ಜಾಗ ಮಾರಾಟಕ್ಕಿದೆಯೇ ಎಂದು ಕೇಳಿದರು. ಇನ್ನೊಬ್ಬರು ಗಟಾರದ ಕಾಮಗಾರಿ ಹಿಡಿಯುವ ಕಂತ್ರಾಟುದಾರರು, ಟೆಂಡರು ಯಾವಾಗ ಎಂದರು. ಸಾಹುಕಾರರು ನನಗೆ ಫೋನು ಮಾಡಿ ಕೂಗಿದರು: "ಆ ಮೂರು ಚುಕ್ಕಿ ಯಾರು ಇಟ್ರು? ಮೊದಲು ಅವನ್ನ ತಗೀರಿ!"

ಮರುದಿನ ಇಳಕಲ್ಲಿಗೆ ಹೋದೆ. ಅಂಗಡಿಯಲ್ಲಿ ಸಾಹುಕಾರರ ಹೆಂಡತಿ ಗಾದಿಯ ಮೇಲೆ ಕೂತು ಸೀರೆ ಮಡಚುತ್ತಿದ್ದರು. ಹೆಂಗಸರ ಗಿರಾಕಿಯನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ, ಆದರೆ ಈ ವಿಷಯದಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನನ್ನ ಕಥೆ ಕೇಳಿ ಅವರು ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು.

"ಅಲ್ರಿ ಅಕ್ಕೋರ, ಸೀರಿ ಉಡಾಕಿ ಪಶ್ಚಿಮಕ್ಕ ಏನೈತಿ ಅಂತ ಕೇಳ್ತಾಳೇನ್ರಿ? ಇಲ್ಲೇ ಕುಂದರ್ರಿ. ಬಂದಾಕಿ ಬಾಯಾಗಿಂದ ಮೊದಲ ಏನ್ ಬರ್ತೈತಿ, ಅದನ್ನ ಬರಕೋರಿ."

ಮುಸ್ಸಂಜೆಯವರೆಗೆ ಕೂತೆ. ಹೊಸ್ತಿಲು ದಾಟಿದ ಹೆಂಗಸರು ಅಂದದ್ದನ್ನೆಲ್ಲ ಬರೆದೆ. "ಟೋಪ್ ತೆನಿ ಸೆರಗಿಂದು ತೋರಸ್ರಿ." "ಒಂಬತ್ತು ವಾರಿದು ಐತೇನ್ರಿ?" "ದಾಳಿಂಬರ ಬಣ್ಣದ್ದು, ಮದುವಿಗೆ." "ಕುಡ್ಯಾಕ ನೀರು ಕೊಡ್ರಿ." ಆತುರದಲ್ಲಿ ಅದನ್ನೂ ಬರೆದಿದ್ದೆ. ಅಂಗಡಿಯ ಹೆಸರನ್ನು ಒಬ್ಬಳೂ ಎತ್ತಲಿಲ್ಲ. ಸಾಹುಕಾರರ ಅಜ್ಜನನ್ನಂತೂ ಯಾರೂ ಕೇಳಲಿಲ್ಲ.

ಅವತ್ತು ಅಲ್ಲೇ ನಾಲ್ಕು ಪುಟಕ್ಕೆ ನಾಲ್ಕು ಬೇರೆ ಬೇರೆ ಸಾಲು ಬರೆದೆ. ಒಂದಕ್ಕೆ ಟೋಪ್ ತೆನಿ ಸೆರಗಿನ ಇಳಕಲ್ ಸೀರೆ, ಇನ್ನೊಂದಕ್ಕೆ ಮದುವೆಗೆ ಒಂಬತ್ತು ವಾರಿ ಇಳಕಲ್ ಸೀರೆ, ಮತ್ತೊಂದಕ್ಕೆ ಮಗ್ಗದ ಮೇಲೆ ಸೀರೆ ನೇಯುವ ಬಗೆ, ಕೊನೆಯದಕ್ಕೆ ಇಳಕಲ್ಲಿನ ಅಂಗಡಿಗೆ ಬರುವ ದಾರಿ. ಬೇಕಾದ ಶಬ್ದ ಮುಂದೆ, ಅಂಗಡಿಯ ಹೆಸರು ಹಿಂದೆ. ಸಾಹುಕಾರರು ಪಕ್ಕದಲ್ಲಿ ಕೂತು ಚೌಕಾಸಿ ಮಾಡಿದರು.

"ತಕರಾರಿಲ್ಲದ ಅಂತ ಒಂದೇ ಒಂದು ಶಬ್ದ ಹಾಕ್ರಿ ಅಕ್ಕೋರ."

ಹೆಂಡತಿ ಮಡಚುತ್ತಿದ್ದ ಸೀರೆಯಿಂದ ತಲೆ ಎತ್ತಲಿಲ್ಲ. "ತಕರಾರಿಲ್ಲ ಅಂತ ಬರದ್ರ, ಮೊದಲ ಇತ್ತೇನೋ ಅಂತಾರ."

ಅಲ್ಲಿಗೆ ಆ ಮಾತು ಮುಗಿಯಿತು. ಆಗ ನನಗೂ ಧೈರ್ಯ ಬಂದು, ಆ ಹೆಸರು ಹಾಗೇ ಉಳಿದದ್ದು ನನ್ನ ತಪ್ಪಿನಿಂದ, ಕಂಪ್ಯೂಟರಿನದಲ್ಲ ಎಂದು ಹೇಳಿಬಿಟ್ಟೆ. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಸಾಹುಕಾರರು ಕೂತಲ್ಲಿಂದ ನನ್ನ ಕಡೆ ಬಾಗಿದರು.

"ಖರೇನ? ಹಂಗಂದ್ರ ನನ್ನ ಕಾಗದ ಸರಿ ಅದಾವು?"

"ಸರಿ ಅದಾವ್ರಿ."

ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಟ್ರಂಕು ಹೊತ್ತು ನನ್ನಲ್ಲಿಗೆ ಬಂದ ದಿನದಿಂದ ಅವರು ಸರಿಯಾಗಿ ಊಟವನ್ನೂ ಮಾಡಿರಲಿಲ್ಲವೆಂದು ಹೆಂಡತಿ ಆಮೇಲೆ ಹೇಳಿದರು. ನಾನು ಹುನಗುಂದಕ್ಕೆ ಮರಳಿ ಆ ಸಾಲುಗಳನ್ನು ಪುಟಗಳಿಗೆ ಹಾಕಿದೆ. ಕೆಲವು ವಾರಗಳಲ್ಲಿ ಸೊಲ್ಲಾಪುರದ ಹೆಂಗಸೊಬ್ಬರು ಫೋನು ಮಾಡಿ ಒಂಬತ್ತು ವಾರಿಯ ಸೀರೆ ಕೇಳಿದರು. ಗಟಾರದ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಸಾಹುಕಾರರು ಮಗಳ ಮದುವೆಯ ಕರೆಯೋಲೆ ಕೊಡಲು ಬಂದರು. ತೆರೆದು ನೋಡಿದೆ. ದೇವರ ಹೆಸರಿಗೂ ಮೊದಲು, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: "ಊಟ, ಮಧ್ಯಾಹ್ನ ಹನ್ನೆರಡಕ್ಕೆ."

"ಮಂದಿ ಹುಡುಕೋದು ಅದನ್ನ ಅಲ್ಲೇನ್ರಿ?" ಎಂದರು, ಪಾಠ ಒಪ್ಪಿಸುವ ವಿದ್ಯಾರ್ಥಿಯ ಹಾಗೆ ನನ್ನ ಮುಖ ನೋಡುತ್ತ. ನಾನು ಹೌದೆಂದೆ. ಹನ್ನೆರಡಕ್ಕೆ ಸರಿಯಾಗಿ ಹೋದೆ. ಇಡೀ ಇಳಕಲ್ಲು ನನಗಿಂತ ಮೊದಲೇ ಪಂಕ್ತಿಯಲ್ಲಿ ಕೂತಿತ್ತು, ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಇನ್ನೂ ಬಿದ್ದಿರಲಿಲ್ಲ.