ಫಿನಾಯಿಲಕ್ಕ ಮತ್ತು ತಾಯಿಯಿಲ್ಲದ ಮರಿಗಳು

ಮೃಗಾಲಯದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಫಿನಾಯಿಲಕ್ಕ. ಇಪ್ಪತ್ತೆರಡು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಅದು ಮುಚ್ಚಿದ ಮೇಲೆ ತಬ್ಬಲಿ ಮರಿಗಳನ್ನು ಸಾಕುವ ಕೋಣೆಯ ಕೆಲಸಕ್ಕೆ ಬಂದಿದ್ದಳು. ದಿನಕ್ಕೆ ಮೂರು ಸಲ ನೆಲಕ್ಕೆ ಫಿನಾಯಿಲು. ಹಾಲಿನ ಬಾಟಲಿಗಳಿಗೆ ಕುದಿಯುವ ನೀರು. ಮರಿ ಹಿಕ್ಕೆ ಹಾಕುವುದೇ ತಡ, ಬಳಿದು ಬಕೆಟ್ಟಿಗೆ ಹಾಕುತ್ತಿದ್ದಳು. ಆ ಕೋಣೆಗೆ ನೊಣ ಬಂದರೂ ಕಾಲು ತೊಳೆದುಕೊಂಡೇ ಬರಬೇಕು ಎಂದು ಗೇಟಿನ ಕಾವಲುಗಾರ ನಗುತ್ತಿದ್ದ. ಆಕೆಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ತೊಳೆಯುವ ಈ ಹಟದ ಹಿಂದೆ ಒಂದು ಸಂಕಟವಿತ್ತು. ಆಕೆಯ ಚೊಚ್ಚಲ ಕೂಸು ಹೊಕ್ಕಳಿಗೆ ನಂಜಾಗಿ ಆರನೆಯ ದಿನಕ್ಕೆ ತೀರಿಕೊಂಡಿತ್ತು. ಅದನ್ನು ಬಲ್ಲವಳು ಜೊತೆಯಲ್ಲಿದ್ದ ತಂಗಿಯೊಬ್ಬಳೇ.

ಆ ಬೇಸಿಗೆಯಲ್ಲಿ ಐದು ಜಿಂಕೆ ಮರಿಗಳು ಬಂದವು. ಕೆಲವುಗಳ ತಾಯಿಯನ್ನು ನಾಯಿಗಳು ಕೊಂದಿದ್ದವು, ಇನ್ನು ಕೆಲವುಗಳ ತಾಯಿ ಲಾರಿಗೆ ಸಿಕ್ಕಿ ಸತ್ತಿತ್ತು. ಹುಟ್ಟಿ ಎರಡು ದಿನವೂ ಆಗಿರದ ಮರಿಗಳು ಕೈಬೆರಳನ್ನೇ ಚೀಪುತ್ತಿದ್ದವು. ಯಾವ ರೋಗವೂ ತಗಲದಿರಲೆಂದು ಮೃಗಾಲಯದ ಡಾಕ್ಟರಮ್ಮ ಮೊದಲೇ ಆಂಟಿಬಯಾಟಿಕ್ ಬರೆದುಕೊಟ್ಟರು. ಮೂರು ವಾರ ಎಲ್ಲವೂ ನೆಟ್ಟಗಿತ್ತು. ಆಮೇಲೆ ಬಿಸಿಲು ಏರಿತು. ತಗಡಿನ ಮಾಡು ಕಾದು, ಫ್ಯಾನು ಸುಡುವ ಗಾಳಿಯನ್ನೇ ಬೀಸತೊಡಗಿತು. ಮರಿಗಳಿಗೆ ಭೇದಿ ಹತ್ತಿತು. ಎಳೆ ಎಲೆ ಇಟ್ಟರೂ ಮೂಸಿ ಮುಖ ತಿರುಗಿಸಿದವು. ನಾಲ್ಕೇ ದಿನದಲ್ಲಿ ಮೂರು ಸತ್ತವು.

ಹೊರಗಿನ ಆವರಣದಲ್ಲಿ ಅದೇ ವಯಸ್ಸಿನ ಇನ್ನೊಂದು ಮರಿ ಅದೇ ಬಿಸಿಲಲ್ಲಿ ತಾಯಿಯ ಹಿಂದೆ ಕುಪ್ಪಳಿಸುತ್ತಿತ್ತು. ಮಣ್ಣು ನೆಕ್ಕುತ್ತಿತ್ತು, ತಾಯಿಯ ಹಿಕ್ಕೆಗೂ ಬಾಯಿ ಹಾಕುತ್ತಿತ್ತು. ಫಿನಾಯಿಲಕ್ಕ ಬೇಲಿ ಹಿಡಿದು ಅದನ್ನೇ ನೋಡುತ್ತ ನಿಂತಳು.

ಡಾಕ್ಟರಮ್ಮ ಸತ್ತ ಮೂರನೆಯ ಮರಿಯನ್ನು ಕೊಯ್ದು ಪರೀಕ್ಷಿಸಿ, ಕೈ ತೊಳೆದುಕೊಂಡು ಬಂದು ಆಕೆಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತರು. ವಯಸ್ಸಿನಲ್ಲಿ ಆಕೆಗಿಂತ ತುಂಬ ಚಿಕ್ಕವರು.

"ಅಕ್ಕ, ಇದರ ಹೊಟ್ಟೇಲಿ ಇರಬೇಕಾದವ್ರು ಯಾರೂ ಇರ್ಲಿಲ್ಲ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ಜಿಂಕೆಯ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿರುತ್ತವೆ. ಎಲೆಯನ್ನು ಅರಗಿಸಿಕೊಡುವುದು ಅವೇ, ಕೆಟ್ಟ ರೋಗಾಣು ತಳವೂರದಂತೆ ಜಾಗ ಹಿಡಿದು ಕೂರುವುದೂ ಅವೇ. ಸುಡುಬಿಸಿಲಿಗೆ ಕರುಳಿನ ಗೋಡೆ ದುರ್ಬಲವಾದಾಗ ಅವುಗಳಿದ್ದರೆ ಪ್ರಾಣಿ ಹೇಗೋ ತಾಳಿಕೊಳ್ಳುತ್ತದೆ. ಮರಿಗೆ ಅವು ಬರುವುದು ತಾಯಿಯ ನಾಲಿಗೆಯಿಂದ, ಮೆಲುಕಿನಿಂದ, ಹಿಕ್ಕೆಯಿಂದ, ಮಣ್ಣಿನಿಂದ. ಫಿನಾಯಿಲು, ಆಂಟಿಬಯಾಟಿಕ್ಕು ರೋಗಾಣುವಿನ ಜೊತೆ ಅವನ್ನೂ ಅಳಿಸಿಬಿಡುತ್ತವೆ.

"ಅಂದ್ರೆ ನಾನೇ ಕೊಂದೆ ಅಂತಾಯ್ತು" ಎಂದಳು ಫಿನಾಯಿಲಕ್ಕ.

"ಔಷಧಿ ಬರ್ದಿದ್ದು ನಾನು. ಹಾಲು ಚೆನ್ನಾಗಿ ಕಾಯ್ಸಿ ಅಂದಿದ್ದೂ ನಾನೇ. ನೀವು ತೊಳೆದಿರಿ, ಅಷ್ಟೇ."

ಆ ಸಂಜೆ ಆಕೆ ಊಟದ ತಟ್ಟೆ ಮುಟ್ಟಲಿಲ್ಲ. ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ಏನಾಯಿತೆಂದು ಕೇಳಿದಳು. ಹೇಳಿದ್ದನ್ನೆಲ್ಲ ಕೇಳಿ, ಅಕ್ಕನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕುಳಿತಳು.

ಹೊರ ಆವರಣದ ಆ ತಾಯಿ ಜಿಂಕೆ ಮನುಷ್ಯರ ಕೈಯಲ್ಲೇ ಬೆಳೆದದ್ದು. ಅದಕ್ಕೆ ಹುಳುವಿನ ಬಾಧೆಯಾಗಲಿ ರೋಗವಾಗಲಿ ಇಲ್ಲವೆಂದು ಡಾಕ್ಟರಮ್ಮ ಮೊದಲು ಪರೀಕ್ಷೆ ಮಾಡಿ ಖಾತ್ರಿಪಡಿಸಿಕೊಂಡರು. ಮಾರನೆಯ ಬೆಳಿಗ್ಗೆ ಅದು ಮೆಲುಕು ಹಾಕುವಾಗ ಬಾಯಿಂದ ಹಸಿರು ಮುದ್ದೆಯನ್ನು ತೆಗೆದು ಆಕೆಯ ಅಂಗೈಗೆ ಹಾಕಿದರು. ಬೆಚ್ಚಗಿನ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಅದರಲ್ಲಿನ ಜೀವಿಗಳು ಹೊಟ್ಟೆ ಸೇರಲೆಂದು ಸಿರಿಂಜಿನಿಂದ ಉಳಿದ ಎರಡು ಮರಿಗಳ ಬಾಯಿಗೆ ಬಿಡಬೇಕಿತ್ತು. ಒಂದು ಜನ್ಮವೆಲ್ಲ ಇಂಥದ್ದನ್ನು ಒರೆಸಿ ಬಿಸಾಡಿದ ಕೈ ಅದು. ಮುದ್ದೆಯನ್ನು ಕಲಸಲೊಲ್ಲದು. ಹೇಗೋ ಎರಡೂ ಮರಿಗಳಿಗೆ ಕುಡಿಸಿ, ನಲ್ಲಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ಸಂಜೆ ಮತ್ತೆ ಕುಡಿಸಿದಳು.

ಎರಡನೆಯ ದಿನ ಚಿಕ್ಕ ಮರಿ ಆಕೆಯ ಮಡಿಲಲ್ಲೇ ಕಣ್ಣು ಮುಚ್ಚಿತು. ಉಳಿದದ್ದು ಒಂದೇ. ಅದಕ್ಕೂ ಆಸೆ ಬಿಡಿ ಎಂದು ಕಾವಲುಗಾರ ಮೆಲ್ಲಗೆ ಹೇಳಿದ. ಆಕೆ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ನೆಲದ ಮೇಲೆ ಗಟ್ಟಿಯಾದ, ಕಪ್ಪಗಿನ ನಾಲ್ಕು ಹಿಕ್ಕೆ. ಪೊರಕೆ ಬದಿಗಿಟ್ಟು ಡಾಕ್ಟರಮ್ಮನನ್ನು ಕರೆದು ತೋರಿಸಿದಳು. ಬಿಸಿಲೇನೂ ತಗ್ಗಿರಲಿಲ್ಲ. ಮರಿ ಏದುಸಿರು ಬಿಡುತ್ತಿದ್ದರೂ ಎಲೆ ತಿನ್ನುತ್ತಿತ್ತು.

ಅಂದಿನಿಂದ ಬಾಟಲಿಗೆ ಕುದಿನೀರು ಉಳಿಯಿತು, ನೆಲಕ್ಕೆ ಫಿನಾಯಿಲು ಹಾಕುವುದು ನಿಂತಿತು. ಮುಂದಿನ ಬೇಸಿಗೆಯಲ್ಲಿ ಬಂದ ಆರು ಮರಿಗಳಲ್ಲಿ ಐದು ಬದುಕಿದವು.

ಹಾಗಾದರೆ ಆಸ್ಪತ್ರೆಯಲ್ಲಿ ತಾನು ಮಾಡಿದ್ದೂ ತಪ್ಪೇ ಎಂದು ಆಕೆ ಒಮ್ಮೆ ಡಾಕ್ಟರಮ್ಮನನ್ನು ಕೇಳಿದಳು. "ಅಲ್ಲಿ ನಿಮ್ಮಿಂದ ಎಷ್ಟೋ ಕೂಸುಗಳು ಉಳಿದಿರ್ತವೆ ಅಕ್ಕ. ಇಲ್ಲಿ ನಮಗಿಬ್ಬರಿಗೂ ಗೊತ್ತಿರ್ಲಿಲ್ಲ" ಎಂದರು ಅವರು. ಮೊದಲ ಮಾತನ್ನು ಆಕೆ ನಂಬಿದಳು. ಎರಡನೆಯದರಿಂದ ಸಮಾಧಾನವಾಗಲಿಲ್ಲ. ಸತ್ತ ನಾಲ್ಕು ಮರಿಗಳನ್ನು ಹೂತ ಜಾಗದ ಕಡೆಯಿಂದ ನಡೆಯುವುದನ್ನು ಆಕೆ ಕೊನೆಯವರೆಗೂ ತಪ್ಪಿಸುತ್ತಿದ್ದಳು.

ಆ ಮೊದಲ ಬೇಸಿಗೆಯಲ್ಲಿ ಬದುಕಿದ ಒಂದು ಮರಿಯನ್ನು ಮಳೆ ಬಿದ್ದ ಮೇಲೆ ಹಿಂಡಿಗೆ ಬಿಟ್ಟಿದ್ದರು. ವಾರ ಕಳೆದು ನೋಡಲು ಹೋದಾಗ ಆಕೆ ಬಾಯಿ ಚಪ್ಪರಿಸಿ ಕರೆದಳು. ಅದು ಒಮ್ಮೆ ಕಿವಿ ನಿಮಿರಿಸಿ, ಮತ್ತೆ ತಲೆ ತಗ್ಗಿಸಿ ಹಿಂಡಿನ ಜೊತೆ ಹುಲ್ಲು ಮೇಯತೊಡಗಿತು. ಆಕೆ ಇನ್ನೊಮ್ಮೆ ಕರೆಯಲಿಲ್ಲ.